ದಡದಲ್ಲಿ ಮರ ಬಂತು, ಹಳ್ಳಕ್ಕೆ ಮೀನು ಯಾಕೆ ಬಂದಿಲ್ಲ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟದ ಪಕ್ಕ ಮೂರು ಮೀಟರ್ ಅಗಲದ ಹಳ್ಳವೊಂದು ಹರಿಯುತ್ತದೆ. ದಡ ಮೊದಲು ಬರೀ ಹುಲ್ಲು, ದನ ಮೇಯುವ ಜಾಗ. ಆರು ವರ್ಷದ ಹಿಂದೆ 400 ಮೀಟರ್ ಉದ್ದಕ್ಕೆ ಎರಡೂ ಕಡೆ ಹತ್ತತ್ತು ಮೀಟರ್ ಬಿಟ್ಟು ಕಾಡುಗಿಡ ನೆಟ್ಟೆವು. ಈಗ ಮರಗಳು ಐದಾರು ಮೀಟರ್ ಎತ್ತರ ಇವೆ. ಆದರೆ ಮೀನು ಬಂದಿಲ್ಲ, ಬೇಸಿಗೆ ನೀರು ಹೆಚ್ಚಿಲ್ಲ, ಎರಡು ಮಳೆಗಾಲದಿಂದ ದಡ ಮೊದಲಿಗಿಂತ ಜಾಸ್ತಿ ಕುಸಿಯುತ್ತಿದೆ. ಮರ ತೆಗೆಸಿ ಕಲ್ಲು ಪಿಚ್ಚಿಂಗ್ (ದಡಕ್ಕೆ ಕಲ್ಲು ಹಾಸುವುದು) ಮಾಡಿಸೋಣ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ಮರ ಕಡಿಯಬೇಡಿ, ಪಿಚ್ಚಿಂಗೂ ಬೇಡ. ನಿಮ್ಮ ಮೂರು ದೂರುಗಳಲ್ಲಿ ದಡದ ಕುಸಿತ ಬಹುಮಟ್ಟಿಗೆ ಹಳ್ಳ ಸುಧಾರಿಸುತ್ತಿರುವುದರ ಗುರುತೇ. ಮೀನಿನ ವಿಷಯ ನಿಮ್ಮ 400 ಮೀಟರ್ ಒಳಗೆ ತೀರ್ಮಾನ ಆಗುವಂಥದ್ದಲ್ಲ. ಬೇಸಿಗೆ ನೀರನ್ನಂತೂ ದಡದ ಮರದಿಂದ ನಿರೀಕ್ಷಿಸಿದ್ದೇ ತಪ್ಪು. ಹಳ್ಳ ಚೇತರಿಸಿಕೊಳ್ಳುವುದಕ್ಕೆ ತನ್ನದೇ ಒಂದು ಸರದಿ ಇದೆ: ಮೊದಲು ನೆರಳು, ಆಮೇಲೆ ದಡ ಮತ್ತು ತಳ, ಆಮೇಲೆ ಎಲೆ ತಿನ್ನುವ ಹುಳು, ಆಮೇಲೆ ಮೀನು, ಎಲ್ಲಕ್ಕಿಂತ ಕೊನೆಗೆ ಬಿದ್ದ ಮರದ ದಿಮ್ಮಿ. ಆರನೇ ವರ್ಷಕ್ಕೆ ನೀವು ಇರುವುದು ಎರಡನೇ ಮೆಟ್ಟಿಲಲ್ಲಿ.

ಕುಸಿತದಿಂದ ಶುರು ಮಾಡೋಣ, ಗಾಬರಿ ಹುಟ್ಟಿಸಿರುವುದು ಅದೇ ಅಲ್ಲವೇ. ಬಯಲಿನ ಹಳ್ಳ ಕಾನಿನ, ಅಂದರೆ ದಟ್ಟ ಕಾಡಿನ, ಹಳ್ಳಕ್ಕಿಂತ ಇಕ್ಕಟ್ಟಾಗಿರುತ್ತದೆ. ಬಿಸಿಲು ಬಿದ್ದ ಕಡೆ ದಡದ ಹುಲ್ಲು ದಟ್ಟವಾಗಿ ಬೆಳೆದು ನೀರಿನೊಳಕ್ಕೂ ಇಳಿಯುತ್ತದೆ, ಪ್ರತಿ ಮಳೆಗಾಲ ಬರುವ ಮಣ್ಣನ್ನು ಬೇರಿನಲ್ಲಿ ಹಿಡಿದುಕೊಳ್ಳುತ್ತದೆ. ವರ್ಷಗಳು ಕಳೆದಂತೆ ದಡವೇ ಮುಂದೆ ಬಂದು ಹಳ್ಳ ಕಿರಿದಾಗುತ್ತದೆ. ನ್ಯೂಜಿಲೆಂಡಿನ ಹುಲ್ಲುಗಾವಲುಗಳ ತೊರೆಗಳಲ್ಲಿ ಅಳತೆ ಮಾಡಿದವರು 1997ರಲ್ಲೂ, ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ತೊರೆಗಳಲ್ಲಿ ಅಳೆದವರು 2004ರಲ್ಲೂ ಪ್ರಕಟಿಸಿದ್ದು ಇದನ್ನೇ. ಈಗ ನಿಮ್ಮ ಮರಗಳ ನೆರಳಿಗೆ ಆ ಹುಲ್ಲು ಸಾಯುತ್ತಿದೆ. ಹುಲ್ಲು ಹಿಡಿದಿಟ್ಟಿದ್ದ ಹಳೇ ಮಣ್ಣು ಬಿಟ್ಟುಕೊಳ್ಳುತ್ತಿದೆ, ಮರದ ಬೇರು ಇನ್ನೂ ದಡದ ಬುಡಕ್ಕೆ ಇಳಿದಿಲ್ಲ. ಹಳ್ಳ ತನ್ನ ಹಳೆಯ ಅಗಲಕ್ಕೆ ಹಿಂದಿರುಗುವವರೆಗೆ ಕೆಲವು ಮಳೆಗಾಲ ನೀರು ಕೆಂಪಾಗಿಯೇ ಹರಿಯುತ್ತದೆ. ಇಂಥ ಹೊತ್ತಿನಲ್ಲಿ ಪಿಚ್ಚಿಂಗ್ ಮಾಡಿಸಿದರೆ ಇಕ್ಕಟ್ಟಾದ ಅಗಲವನ್ನೇ ಕಾಯಂ ಮಾಡಿದ ಹಾಗೆ. ನೀರಿನ ವೇಗ ಹೆಚ್ಚಿ ಕೆಳಗಿನ ತೋಟದವರ ದರೆ ಕೊರೆಯುತ್ತದೆ.

ಆದರೆ ಎಲ್ಲ ಕುಸಿತವೂ ಒಳ್ಳೆಯದಲ್ಲ. ಅಗಲ ಹೆಚ್ಚುವುದು ಬೇರೆ, ತಳ ಇಳಿಯುವುದು ಬೇರೆ. ಗುರುತಿಸುವುದು ಸುಲಭ. ಹಳ್ಳದ ಆಚೆ ಈಚೆ ಎರಡು ಗಟ್ಟಿ ಮರಕ್ಕೆ ಮೊಳೆ ಹೊಡೆದು ಹಗ್ಗ ಬಿಗಿಯಾಗಿ ಎಳೆಯಿರಿ, ಮಟ್ಟ ನೋಡಿ, ಹಗ್ಗದಿಂದ ತಳಕ್ಕೆ ಅರ್ಧರ್ಧ ಮೀಟರಿಗೆ ಒಂದರಂತೆ ಆಳ ಬರೆದಿಡಿ. ಪ್ರತಿ ಡಿಸೆಂಬರಿನಲ್ಲಿ ಅದೇ ಮೊಳೆಗೆ ಅದೇ ಅಳತೆ. ದಡದಲ್ಲಿ ಹತ್ತು ಕಡೆ 60 ಸೆಂ.ಮೀ. ಕಂಬಿಯನ್ನು ಅಡ್ಡಡ್ಡ ಹೊಡೆದು 5 ಸೆಂ.ಮೀ. ಮಾತ್ರ ಹೊರಗೆ ಬಿಡಿ. ಮಳೆಗಾಲ ಮುಗಿದ ಮೇಲೆ ಎಷ್ಟು ಹೊರಗಿದೆ ನೋಡಿದರೆ ದಡ ಎಷ್ಟು ಹೋಯಿತು ಎಂದು ಗೊತ್ತಾಗುತ್ತದೆ. ಕಂಬಿ ಹೊರಬಂದು ತಳ ಹಾಗೇ ಇದ್ದರೆ, ಅಥವಾ ತಳದಲ್ಲಿ ಹೂಳು ಹೋಗಿ ಗುಂಡುಕಲ್ಲು ಕಾಣತೊಡಗಿದರೆ, ಸುಮ್ಮನಿರಿ. ತಳವೇ ವರ್ಷಕ್ಕೆ ಹತ್ತು ಹದಿನೈದು ಸೆಂ.ಮೀ. ಇಳಿಯುತ್ತಿದ್ದರೆ, ಮೋರಿಯ ಪಾಯದ ಕಲ್ಲು ಹೊರಬಿದ್ದಿದ್ದರೆ, ಮರದ ಬೇರು ನೀರಿನಿಂದ ಮೇಲೆ ಜೋತಾಡುತ್ತಿದ್ದರೆ ಕಾರಣ ಬೇರೆಡೆ ಇದೆ. ಕೆಳಗಡೆ ಮರಳು ತೆಗೆದಿರುತ್ತಾರೆ ಅಥವಾ ‘ಹಳ್ಳ ಕ್ಲೀನ್’ ಹೆಸರಿನಲ್ಲಿ ಜೆಸಿಬಿ ಇಳಿಸಿರುತ್ತಾರೆ. ಈ ಕ್ಲೀನ್ ಮಾಡುವ ಚಟ ಮಲೆನಾಡಿನ ಹಳ್ಳಗಳಿಗೆ ಅಕೇಶಿಯಾಕ್ಕಿಂತ ಹೆಚ್ಚು ಹಾನಿ ಮಾಡಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ದಡದ ಬುಡ ಗಟ್ಟಿ ಮಾಡಬೇಕೆಂದರೆ ಕಲ್ಲಿಗಿಂತ ಹೊಳೆದಂಡೆಯ ಮರವಾದ ನೀರಂಜಿ ಮೇಲು. ಹೆಬ್ಬೆರಳು ದಪ್ಪದ ಕೊಂಬೆಯನ್ನು 1.2 ಮೀಟರ್ ಉದ್ದಕ್ಕೆ ಕಡಿದು, ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಹೋಗುವಂತೆ ಕಂಬಿಯಿಂದ ತೂತು ಮಾಡಿ ಇಳಿಸಿ, ಅರ್ಧ ಮೀಟರಿಗೆ ಒಂದು. ಬುಡ ಮೇಲಾಗಬಾರದು, ಕಡಿದ ದಿನವೇ ನೆಡಬೇಕು. ಜೂನಿನಲ್ಲಿ ನೆಟ್ಟರೆ ಮೊದಲ ನೆರೆಗೇ ಹೋಗುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ನೀರು ಇಳಿದು ದಡ ಇನ್ನೂ ಒದ್ದೆ ಇರುವಾಗ ಸರಿಯಾದ ಕಾಲ. ತಿರುವಿನ ಹೊರಮೈಗೆ, ನೀರು ಹೊಡೆಯುವ ಕಡೆಗೆ, ಮುಂಡಿಗೆ (ಕೇದಗೆ ಜಾತಿಯ ಗಿಡ) ಮತ್ತು ವಾಟೆ (ಸಣ್ಣ ಬಿದಿರು) ಹಾಕಿ. ಅದರ ಮೇಲಿನ ಸಾಲಿಗೆ ಹೊಳೆಮತ್ತಿ, ಹೊಳೆದಾಸವಾಳ, ಹೊಂಗೆ, ಅತ್ತಿ, ನೇರಳೆ. ಇನ್ನೂ ಮೇಲೆ ಸುರಹೊನ್ನೆ, ರಾಮಪತ್ರೆ, ಉಪ್ಪಾಗೆ, ಮಾವು. ಅಘನಾಶಿನಿ ದಂಡೆಯಂಥ ಹೊಳೆಸಾಲಿನ ಅಪ್ಪೆಮಿಡಿ (ಉಪ್ಪಿನಕಾಯಿ ಮಾವು) ಮರಗಳು ದಡದ ಮರ ಆದಾಯವನ್ನೂ ಕೊಡಬಲ್ಲದು ಎಂಬುದಕ್ಕೆ ಒಳ್ಳೆಯ ಉದಾಹರಣೆ. ಸಿಲ್ವರ್ ಓಕ್, ಅಕೇಶಿಯಾ, ನೀಲಗಿರಿ ಈ ಹತ್ತು ಮೀಟರಿನೊಳಗೆ ಬೇಡವೇ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಈಗ ನೆರಳು. ಚಳಿ ದೇಶಗಳ ಕೈಪಿಡಿಗಳಲ್ಲಿ ದಕ್ಷಿಣ ದಡದಲ್ಲಿ ಮರವಿದ್ದರೆ ಸಾಕು, ನೀರಿಗೆ ನೆರಳು ಸಿಗುತ್ತದೆ ಎಂದು ಬರೆದಿರುತ್ತಾರೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ತೀರ್ಥಹಳ್ಳಿಯ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೀರು ಅತಿ ಕಡಿಮೆ ಇದ್ದು ಅತಿ ಬಿಸಿ ಆಗುವ ಕಾಲವೂ ಅದೇ. ಹಾಗಾಗಿ ದಡದಲ್ಲಿ ಮರ ನೆಟ್ಟಗೆ ನಿಂತಿದ್ದರೆ ಪ್ರಯೋಜನ ಇಲ್ಲ, ಕೊಂಬೆ ನೀರಿನ ಮೇಲೆ ಚಾಚಿರಬೇಕು. ನಿಮ್ಮ ಹಳ್ಳ ಮೂರು ಮೀಟರ್ ಅಗಲವಾದ್ದರಿಂದ ಎರಡೂ ಕಡೆಯಿಂದ ಒಂದೂವರೆ ಮೀಟರ್ ಚಾಚಿದರೆ ಸಾಕು, ಐದಾರು ಮೀಟರಿನ ಮರಕ್ಕೆ ಅದು ಸಾಧ್ಯ. ಹಳ್ಳದ ಕಡೆಗೆ ಬಾಗಿದ ಕೊಂಬೆ ಸವರುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ.

ತಂಪು ಯಾಕೆ ಮುಖ್ಯ? ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 25 ಡಿಗ್ರಿಯಲ್ಲಿ 8.3, 30 ಡಿಗ್ರಿಯಲ್ಲಿ 7.6. ಎತ್ತರದ ಜಾಗದಲ್ಲಿ ಇನ್ನೂ ಕಡಿಮೆ. ಬಿಸಿ ನೀರಿನಲ್ಲಿ ಉಸಿರಾಟದ ಅಗತ್ಯ ಹೆಚ್ಚು, ಸಿಗುವ ಆಮ್ಲಜನಕ ಕಡಿಮೆ. ಮಾರ್ಚ್-ಏಪ್ರಿಲಿನಲ್ಲಿ ಮಧ್ಯಾಹ್ನ ಎರಡರಿಂದ ಮೂರರೊಳಗೆ ಹರಿಯುವ ನೀರಿನಲ್ಲಿ ಥರ್ಮಾಮೀಟರ್ ಹಿಡಿದು ಮೂರು ಕಡೆ ಬರೆದುಕೊಳ್ಳಿ: ನಿಮ್ಮ ಮರಸಾಲು ಶುರುವಾಗುವಲ್ಲಿ, ಮುಗಿಯುವಲ್ಲಿ, ಹತ್ತಿರದ ಯಾವುದಾದರೂ ಕಾನಿನ ಹಳ್ಳದಲ್ಲಿ. ಬಯಲಿನ ಸಣ್ಣ ಹಳ್ಳ ಕಾನಿನದಕ್ಕಿಂತ ಐದಾರು ಡಿಗ್ರಿ ಬಿಸಿ ಇರುವುದು ಅಪರೂಪವಲ್ಲ. 400 ಮೀಟರ್ ದಾಟುವಷ್ಟರಲ್ಲಿ ಒಂದೆರಡು ಡಿಗ್ರಿ ಇಳಿದಿದ್ದರೆ ನಿಮ್ಮ ಮರಗಳು ಕೆಲಸ ಮಾಡುತ್ತಿವೆ. ಪೂರಾ ತಣಿಯಲು ಇಷ್ಟು ಉದ್ದ ಸಾಲದು. ಮೇಲಿನವರ ಗದ್ದೆಬಯಲಿನಿಂದ ಕಾದು ಬಂದ ನೀರಿಗೆ ಕೆಲವು ನೂರು ಮೀಟರಿನಿಂದ ಒಂದೆರಡು ಕಿಲೋಮೀಟರ್ ನೆರಳು ಬೇಕಾಗುತ್ತದೆ. ನ್ಯೂಜಿಲೆಂಡಿನಲ್ಲಿ 2ರಿಂದ 24 ವರ್ಷದ ಒಂಬತ್ತು ಮರಸಾಲುಗಳನ್ನು ಪರೀಕ್ಷಿಸಿದ 2003ರ ಅಧ್ಯಯನದಲ್ಲಿ ನೀರಿನ ತಿಳಿ ಮತ್ತು ಹಳ್ಳದ ಸ್ಥಿರತೆ ಬೇಗ ಸುಧಾರಿಸಿದ್ದವು. ಹುಳುಗಳು ಮಾತ್ರ ಹೆಚ್ಚಿನ ಕಡೆ ಕಾಡಿನ ಹಳ್ಳದ ಮಟ್ಟಕ್ಕೆ ಬಂದಿರಲಿಲ್ಲ. ಕಾರಣ ಇದೇ: ಸಾಲು ಗಿಡ್ಡ, ಮೇಲಿನಿಂದ ಬರುವ ನೀರು ಬಿಸಿ.

ಹುಳುಗಳ ವಿಷಯಕ್ಕೆ ಬಂದರೆ, ಕಾನಿನ ಹಳ್ಳ ನಡೆಯುವುದು ಬಿಸಿಲಿನ ಮೇಲಲ್ಲ, ಬಿದ್ದ ಎಲೆಯ ಮೇಲೆ. ಎಲೆ ನೀರಿಗೆ ಬಿದ್ದ ಮೊದಲ ವಾರದೊಳಗೆ ಅದರ ರಸ ಬಿಟ್ಟುಕೊಳ್ಳುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದು ಮೆತ್ತಗಾದ ಎಲೆಯೇ ಹುಳುಗಳಿಗೆ ರುಚಿ. ಜನವರಿಯಲ್ಲಿ ಹಳ್ಳದ ಮಡುವಿನ ಅಂಚಿನಿಂದ ಒಂದು ಹಿಡಿ ಕೊಳೆತ ಎಲೆ ಎತ್ತಿ ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬಿಡಿಸಿ, ಎರಡು ನಿಮಿಷ ಕದಲದೆ ನೋಡಿ. ಎಲೆಯ ತುಂಡೊಂದು ತಾನಾಗಿ ನಡೆಯಲು ಶುರು ಮಾಡುತ್ತದೆ. ಹತ್ತಿರ ಹಿಡಿದು ನೋಡಿದರೆ ಅದು ಒಂದಲ್ಲ, ಮೊಟ್ಟೆಯಾಕಾರಕ್ಕೆ ಕತ್ತರಿಸಿದ ಎರಡು ತುಂಡು. ಮೇಲಿನದು ಸ್ವಲ್ಪ ದೊಡ್ಡದು, ಕೆಳಗಿನದು ಚಿಕ್ಕದು, ಅಂಚು ರೇಷ್ಮೆಯಿಂದ ಹೊಲಿದದ್ದು. ನಡುವಿನ ಸಂದಿಯಿಂದ ಕ್ಯಾಡಿಸ್‌ಫ್ಲೈ ಮರಿ ತಲೆ ಮತ್ತು ಆರು ಕಾಲು ಚಾಚಿ ಮನೆಯನ್ನು ಎಳೆದುಕೊಂಡು ಹೋಗುತ್ತದೆ. ತನಗೆ ಬೇಕಾದ ಅಳತೆಗೆ ಕತ್ತರಿಸಲು ಬರುವಂಥ ಎಲೆ ಹಳ್ಳದಲ್ಲಿ ಇಲ್ಲದಿದ್ದರೆ ಈ ಹುಳು ಇರುವುದಿಲ್ಲ. ಅಕೇಶಿಯಾದ ಚರ್ಮದಂಥ ಎಲೆ, ಸಿಲ್ವರ್ ಓಕಿನ ಒರಟು ಎಲೆ, ನೀಲಗಿರಿಯ ಎಣ್ಣೆ ಎಲೆ ಬೂಷ್ಟು ಹಿಡಿದು ಮೆತ್ತಗಾಗುವುದೇ ನಿಧಾನ. ಅತ್ತಿ, ಹೊಂಗೆ, ಹೊಳೆಮತ್ತಿಗಳದ್ದು ಹಾಗಲ್ಲ. ನಮ್ಮ ಹಳ್ಳಗಳಲ್ಲಿ ಎಲೆಯನ್ನು ಹರಿದು ಚೂರು ಮಾಡುವ ಕೆಲಸದಲ್ಲಿ ಏಡಿಗೂ ಪಾಲಿದೆ ಎನ್ನುವುದನ್ನೂ ಮರೆಯಬೇಡಿ.

ಇದನ್ನು ಮನೆಯಲ್ಲೇ ಅಳೆಯಬಹುದು. ಒಂದೇ ಜಾತಿಯ ಒಣಗಿದ ಎಲೆ ತಲಾ 5 ಗ್ರಾಂ ತೂಗಿ ಹತ್ತು ಚೀಲ ಮಾಡಿ. ಐದು ಚೀಲಕ್ಕೆ ಒಂದು ಸೆಂ.ಮೀ. ಕಣ್ಣಿನ ಬಲೆ, ಐದಕ್ಕೆ ಸೊಳ್ಳೆಪರದೆ. ಡಿಸೆಂಬರಿನಲ್ಲಿ ಹರಿಯುವ ನೀರಿನಲ್ಲಿ ಕಲ್ಲಿಗೆ ಕಟ್ಟಿ, ನಾಲ್ಕು ವಾರ ಬಿಟ್ಟು ತೆಗೆದು, ತೊಳೆದು, ಒಣಗಿಸಿ ತೂಗಿ. ಸೊಳ್ಳೆಪರದೆಯೊಳಗೆ ಕರಗಿದ್ದು ರಸ ಬಿಟ್ಟದ್ದು ಮತ್ತು ಬೂಷ್ಟಿನ ಕೆಲಸ. ದೊಡ್ಡ ಕಣ್ಣಿನ ಚೀಲದಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಹೋಗಿದೆಯೋ ಅದು ಹುಳು-ಏಡಿಗಳದ್ದು. ಎರಡೂ ಒಂದೇ ಆಗಿದ್ದರೆ ತಿನ್ನುವವರು ಇನ್ನೂ ಬಂದಿಲ್ಲ ಎಂದು ಅರ್ಥ. ಜೊತೆಗೆ ಒಂದು ಚದರ ಅಡಿ ತಳದ ಕಲ್ಲುಗಳನ್ನು ಉಜ್ಜಿ, ಕೆಳಗೆ ಸೊಳ್ಳೆಪರದೆ ಹಿಡಿದು, ತಟ್ಟೆಗೆ ಹಾಕಿ ನೋಡಿ. ಹೊಟ್ಟೆಯ ಪಕ್ಕ ಗರಿಯಂಥ ಕಿವಿರು, ಹಿಂದೆ ಎರಡೋ ಮೂರೋ ಬಾಲ ಇದ್ದರೆ ಮೇಫ್ಲೈ ಮರಿ. ಎರಡು ಬಾಲ, ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು, ಚಪ್ಪಟೆ ಮೈ ಇದ್ದರೆ ಸ್ಟೋನ್‌ಫ್ಲೈ. ಈ ಎರಡನೆಯದು ಸಿಕ್ಕಿದರೆ ತಂಪು ಮತ್ತು ಆಮ್ಲಜನಕದ ಮಟ್ಟಿಗೆ ನಿಶ್ಚಿಂತೆ. ಬರೀ ಕೆಂಪು ದಾರದಂಥ ಹುಳು ತುಂಬಿದ್ದರೆ ಮೇಲಿನಿಂದ ಕೊಳೆ ಬರುತ್ತಿದೆ.

ಹಾಗಾಗಿ ದರಗು, ಅಂದರೆ ಉದುರಿದ ಒಣ ಎಲೆ. ಮರಸಾಲಿನ ಹತ್ತು ಮೀಟರಿನೊಳಗೆ ದರಗು ಗುಡಿಸಬೇಡಿ, ಸೊಪ್ಪು ಕಡಿಯಬೇಡಿ, ಬೆಂಕಿ ಹಾಕಬೇಡಿ. ಗೊಬ್ಬರಕ್ಕೆ ಬೇಕಿದ್ದರೆ ತೋಟಕ್ಕೆ ಸೊಪ್ಪು ತರಲೆಂದೇ ಇರುವ ಸೊಪ್ಪಿನಬೆಟ್ಟ ಇದೆಯಲ್ಲ.

ಮರ ಎಷ್ಟೇ ಇದ್ದರೂ ತೋಟದ ಬಸಿಗಾಲುವೆ ನೇರವಾಗಿ ಹಳ್ಳಕ್ಕೆ ಬಿದ್ದರೆ ಆ ಹತ್ತು ಮೀಟರ್ ಇದ್ದೂ ಇಲ್ಲದ ಹಾಗೆ. ಪೆನ್ಸಿಲ್ವೇನಿಯಾದಲ್ಲಿ 1992ರಲ್ಲಿ ನೆಟ್ಟ ಮರಸಾಲನ್ನು ಹದಿನೈದು ವರ್ಷ ಅಳೆದಾಗ ನೆಲದೊಳಗೆ ಬರುವ ನೈಟ್ರೇಟಿನಲ್ಲಿ ಸುಮಾರು 26%, ನೆಲದ ಮೇಲೆ ಹರಿದು ಬರುವ ಮಣ್ಣಿನಲ್ಲಿ ಸುಮಾರು 43% ತಡೆದಿತ್ತು. ನೀರು ಬೇರಿನ ನಡುವೆ ನಿಧಾನವಾಗಿ ಹಾದರೆ ಮಾತ್ರ ಈ ಲೆಕ್ಕ. ಕಾಲುವೆಯಲ್ಲಿ ಹೋದ ನೀರು ಬೇರನ್ನು ಮುಟ್ಟುವುದೇ ಇಲ್ಲ. ಪ್ರತಿ ಬಸಿಗಾಲುವೆಯನ್ನು ದಡದಿಂದ ಹತ್ತು ಮೀಟರ್ ಹಿಂದೆ ನಿಲ್ಲಿಸಿ. ಅಲ್ಲಿ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಮುಕ್ಕಾಲು ಮೀಟರ್ ಆಳದ ಹೂಳುಗುಂಡಿ ತೆಗೆಯಿರಿ. ಅದರ ಹೊರ ಅಂಚನ್ನು ಸಮಮಟ್ಟ ಮಾಡಿ ಲಾವಂಚ ಹಚ್ಚಿದರೆ ನೀರು ತೆಳುವಾಗಿ ಹರಡಿಕೊಂಡು ಇಳಿಯುತ್ತದೆ. ಗುಂಡಿಯ ಹೂಳನ್ನು ಪ್ರತಿ ನವೆಂಬರಿನಲ್ಲಿ ತೆಗೆದು ಅಡಿಕೆ ಬುಡಕ್ಕೆ ಹಾಕಿ.

ಇನ್ನೊಂದು, ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯಲೇಬೇಕು, ಆದರೆ ಡ್ರಮ್ಮು ತೊಳೆಯುವುದು ಹಳ್ಳದಲ್ಲಿ ಆಗಬಾರದು. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ ಎಂದರೆ ತಳದಲ್ಲಿ ಉಳಿದ ಎರಡು ಲೀಟರಿನಲ್ಲಿ ಐದು ಗ್ರಾಂ ತಾಮ್ರ ಇರುತ್ತದೆ. ಮಲೆನಾಡಿನ ಮೃದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು, ಲೀಟರಿಗೆ 10 ಮೈಕ್ರೋಗ್ರಾಂ ಆಸುಪಾಸಿನಲ್ಲೇ ಸೂಕ್ಷ್ಮ ಜೀವಿಗಳಿಗೆ ತೊಂದರೆ ಶುರು. ಆ ಐದು ಗ್ರಾಂ ಪೂರಾ ಕರಗಿದರೆ ಐದು ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಲು ಸಾಕು. ಸುಣ್ಣದ ಜೊತೆ ಇರುವುದರಿಂದ ಅಷ್ಟೂ ಒಮ್ಮೆಗೇ ಕರಗುವುದಿಲ್ಲ, ಬದಲಿಗೆ ತಳದ ಹೂಳಿಗೆ ಸೇರಿ ಹುಳು ಇರುವ ಜಾಗದಲ್ಲೇ ಕೂರುತ್ತದೆ. ತೊಳೆದ ನೀರನ್ನು ತೋಟದ ಮೇಲ್ಭಾಗದ ಮಣ್ಣಿಗೇ ಚೆಲ್ಲಿ.

ಬಿದ್ದ ದಿಮ್ಮಿ ತೆಗೆಯಬೇಡಿ. ದಿಮ್ಮಿಯ ಹಿಂದೆ ಎಲೆ ನಿಲ್ಲುತ್ತದೆ, ಮುಂದೆ ಮಡು ಕೊರೆಯುತ್ತದೆ, ಏಪ್ರಿಲಿನಲ್ಲಿ ಮೀನು ಬದುಕುವುದು ಆ ಮಡುವಿನಲ್ಲಿ. ನೀವು ನೆಟ್ಟ ಮರ ತಾನಾಗಿ ಸತ್ತು ಹಳ್ಳಕ್ಕೆ ಬೀಳಲು ಹತ್ತಾರು ವರ್ಷ ಬೇಕು. ಅಲ್ಲಿವರೆಗೆ ಕಾಯದೆ ತೋಟದಲ್ಲಿ ಬಿದ್ದ ಹಲಸು, ಮಾವಿನ ಕಾಂಡವನ್ನು ತಂದು ಇಡಬಹುದು: ಉದ್ದ ಹಳ್ಳದ ಅಗಲದ ಒಂದೂವರೆ ಪಟ್ಟು, ಅಂದರೆ ನಾಲ್ಕೂವರೆ ಮೀಟರ್, ದಪ್ಪ 20 ಸೆಂ.ಮೀ.ಗೆ ಕಡಿಮೆ ಇಲ್ಲದಂತೆ. ಒಂದು ತುದಿ ದಡದ ಎರಡು ಮರಗಳ ನಡುವೆ ಸಿಕ್ಕಿಸಿ, ಇನ್ನೊಂದು ತುದಿ ನೀರಿನ ದಿಕ್ಕಿಗೆ ಓರೆಯಾಗಿ. ಮೋರಿ ಅಥವಾ ಸಂಕದಿಂದ ಮೇಲೆ ನೂರು ಮೀಟರಿನೊಳಗೆ ಮಾತ್ರ ಇಡಬೇಡಿ, ನೆರೆಗೆ ಕಿತ್ತು ಬಂದು ಮೋರಿ ಕಟ್ಟಿದರೆ ರಸ್ತೆಯೇ ಹೋಗುತ್ತದೆ. ನೀರಿನ ಮೇಲೆ ಬಾಗಿದ ಸಣ್ಣ ಕಡ್ಡಿ, ಬೇರಿಗೂ ಬೆಲೆ ಇದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಂಡು 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆ ಮೊಟ್ಟೆ ಇಡುವುದು ನೀರಿನ ಮೇಲಿನ ಇಂಥ ಕಡ್ಡಿಗೇ. ಗಂಡು ಹಳ್ಳದ ಮಣ್ಣನ್ನು ಮುಂಗಾಲಲ್ಲಿ ಎತ್ತಿ ಮೊಟ್ಟೆಗೆ ಮೆತ್ತುತ್ತದೆ.

ಬೇಸಿಗೆ ನೀರಿನ ಬಗ್ಗೆ ನಿಷ್ಠುರವಾಗಿ ಹೇಳಬೇಕು. ಎಳೆ ಮರ ನೀರು ಕುಡಿಯುತ್ತದೆ, ದಡದ ಮರವಂತೂ ಹಳ್ಳದ ಪಕ್ಕದಿಂದಲೇ ಕುಡಿಯುತ್ತದೆ. ಹಳ್ಳಕ್ಕೆ ಬೇಸಿಗೆ ಒಸರು ಕೊಡುವುದು ಮೇಲಿನ ಗುಡ್ಡ ಇಂಗಿಸಿಕೊಂಡ ಮಳೆ. ಉತ್ತರ ಕನ್ನಡದಲ್ಲಿ ಮಣ್ಣಿನ ಇಂಗುವಿಕೆ ಅಳೆದವರು ಕಂಡಂತೆ, ಹಾಳಾದ ಗುಡ್ಡಕ್ಕೆ ಅಕೇಶಿಯಾ ಹಾಕಿದ ಮೇಲೂ ಇಂಗುವ ಶಕ್ತಿ ಹಳೆಯ ಕಾಡಿನ ಮಟ್ಟಕ್ಕೆ ಸುಲಭವಾಗಿ ಬರುವುದಿಲ್ಲ. ಹತ್ತು ಮೀಟರ್ ಪಟ್ಟಿಯಿಂದ ಒರತೆ ಏಳುವುದಿಲ್ಲ. ಪಂಪಿನ ಲೆಕ್ಕವನ್ನೂ ಹಾಕಿ. ಏಪ್ರಿಲಿನಲ್ಲಿ ಹಳ್ಳ ಒಂದು ಮೀಟರ್ ಅಗಲ, ಹತ್ತು ಸೆಂ.ಮೀ. ಆಳ ಇದ್ದು, ನೀರಿನ ಮೇಲೆ ಬಿಟ್ಟ ಎಲೆ ಸೆಕೆಂಡಿಗೆ ಹತ್ತು ಸೆಂ.ಮೀ. ಸಾಗಿದರೆ ಹರಿವು ಸೆಕೆಂಡಿಗೆ ಎಂಟು ಲೀಟರ್ ಆಸುಪಾಸು. ತಳದ ನೀರು ನಿಧಾನ ಇರುವುದರಿಂದ ಎರಡು ಲೀಟರ್ ಕಳೆದಿದ್ದೇನೆ. ಅದರಲ್ಲಿ ಸೆಕೆಂಡಿಗೆ ತಲಾ ಐದು ಲೀಟರ್ ಎತ್ತುವ ಎರಡು ಪಂಪು ಒಟ್ಟಿಗೆ ಓಡಿದರೆ ಹಳ್ಳ ಅಲ್ಲಿಗೆ ನಿಂತಿತು. ಅಕ್ಕಪಕ್ಕದವರು ಸರದಿಯಲ್ಲಿ, ರಾತ್ರಿ ಹೊತ್ತು, ಅರ್ಧ ಹರಿವಿಗಿಂತ ಹೆಚ್ಚು ಎತ್ತದಂತೆ ಮಾತಾಡಿಕೊಂಡರೆ ಅದು ಸಾವಿರ ಗಿಡಕ್ಕಿಂತ ಬೇಗ ಫಲ ಕೊಡುತ್ತದೆ.

ಉಳಿದದ್ದು ಮೀನು. ಮೀನು ತಾನೇ ಹುಟ್ಟುವುದಿಲ್ಲ, ಎಲ್ಲಿಂದಲೋ ಬರಬೇಕು. ಹುಳುಗಳಾದರೆ ರೆಕ್ಕೆ ಬಂದ ಮೇಲೆ ಹಾರಿ ಬರುತ್ತವೆ, ಮೇಲ್ಗಡೆ ಕಾನಿನ ತುಂಡೊಂದು ಉಳಿದಿದ್ದರೆ ನೀರಿನ ಜೊತೆ ತೇಲಿಯೂ ಬರುತ್ತವೆ. ಮೂಲವೇ ಇಲ್ಲದ ಕಡೆ ಎಷ್ಟು ಕಾಲ ಕಾಯಬೇಕಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಉತ್ತರ ಕೆರೊಲಿನಾದ ಬೆಟ್ಟ ಪ್ರದೇಶದ ತೊರೆಗಳ 1998ರ ಅಧ್ಯಯನ ನೋಡಬೇಕು. 1990ರ ದಶಕದ ಹುಳು-ಮೀನುಗಳ ವೈವಿಧ್ಯವನ್ನು ಹೆಚ್ಚು ಚೆನ್ನಾಗಿ ವಿವರಿಸಿದ್ದು ಆಗಿನ ಕಾಡಲ್ಲ, 1950ರ ದಶಕದಲ್ಲಿ ಅಲ್ಲಿ ಕಾಡಿತ್ತೋ ಹೊಲವಿತ್ತೋ ಎನ್ನುವುದು. ನಿಮಗೆ ಅಷ್ಟು ಕಷ್ಟ ಇರಲಾರದು, ಕೆಳಗೆ ಹೊಳೆ ಇದೆ, ಹೊಳೆಯಲ್ಲಿ ಮೀನಿದೆ. ಪ್ರಶ್ನೆ ಅವು ನಿಮ್ಮವರೆಗೆ ಹತ್ತಬಲ್ಲವೇ ಎನ್ನುವುದು. ಹಳ್ಳದ ಬಾಯಿಂದ ತೋಟದವರೆಗೆ ಒಮ್ಮೆ ನಡೆದು ಪ್ರತಿ ಮೋರಿ, ಪ್ರತಿ ಕಟ್ಟ ನೋಡಿ. ಸಿಮೆಂಟ್ ಪೈಪಿನ ಕೆಳಬಾಯಿ ನೀರಿನಿಂದ ಒಂದು ಗೇಣು ಮೇಲೆ ತೂಗುತ್ತಿದ್ದರೂ ಸಣ್ಣ ಮೀನಿಗೆ ಅದು ಗೋಡೆ. ಪೈಪಿನ ಕೆಳಗೆ ದೊಡ್ಡ ಕಾಡುಗಲ್ಲುಗಳನ್ನು ಇಳಿಜಾರಾಗಿ ಪೇರಿಸಿ, ಒಂದು ಅಡಿ ಏರಿಗೆ ಹದಿನೈದು ಇಪ್ಪತ್ತು ಅಡಿ ಉದ್ದ ಕೊಟ್ಟು, ಮಡುವಿನ ನೀರು ಪೈಪಿನ ಬಾಯನ್ನು ಮುಟ್ಟುವಷ್ಟು ಎತ್ತರಿಸಿ. ಕಲ್ಲುಗಳ ನಡುವೆ ಸಂದು ಬಿಡಿ, ಸಿಮೆಂಟ್ ಮೆತ್ತಬೇಡಿ, ಮೀನು ದಣಿವಾರಿಸಿಕೊಳ್ಳುವುದು ಆ ಸಂದಿನಲ್ಲೇ. ರಸ್ತೆ ಪಂಚಾಯಿತಿಯದಾದರೆ ಮೊದಲೇ ಕೇಳಿ. ಕಿಂಡಿ ಅಣೆಕಟ್ಟು ಇದ್ದರೆ ಹಲಗೆಗಳನ್ನು ಮೇ ಕೊನೆಯೊಳಗೆ ತೆಗೆಸಿ, ಮಣ್ಣಿನ ಕಟ್ಟವಾದರೆ ಒಂದು ಕಡೆ ಒಡೆದುಬಿಡಿ. ಕಲ್ಲಿನ ಕೆಲಸವೂ ಮೇ ಎರಡನೇ ವಾರಕ್ಕೆ ಮುಗಿದಿರಬೇಕು, ಹತ್ತುಮೀನು (ಮಳೆಗೆ ಹೊಳೆಯಿಂದ ಹಳ್ಳಕ್ಕೆ ಹತ್ತುವ ಮೀನು) ಮುಂಗಾರಿನ ಮೊದಲ ದೊಡ್ಡ ಮಳೆಗೇ ಹೊರಡುತ್ತದೆ.